ಕೂಡಿಡಲಾಗದ ಔಷಧ

ಅನಿತ್ಯತೆಯು ದುಃಖದ ಮೂಲವೆಂದು ನಮ್ಮ ದರ್ಶನಕಾರರಲ್ಲಿ ಅನೇಕರು ಬಗೆದಿರುವರು. ಆದರೆ ನಶಿಸುವ ಸ್ವಭಾವದಲ್ಲಿಯೇ ಉಪಕಾರವು ನೆಲೆಸಿರಬಹುದೇ ಎಂಬ ಪ್ರಶ್ನೆಯನ್ನು ಪರಮಾಣು ವೈದ್ಯವು ನಮ್ಮ ಮುಂದೆ ಹೊಸತಾಗಿ ಇರಿಸಿದೆ.

ಈ ವೈದ್ಯದಲ್ಲಿ ರೋಗನಿದಾನಕ್ಕಾಗಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ದ್ರವ್ಯದ ಅರ್ಧಾಯುಷ್ಯವು ಕೇವಲ 6 ಗಂಟೆ. ಅದರ ಮಾತೃದ್ರವ್ಯವಾದ ಮಾಲಿಬ್ಡಿನಂ-99 ಸುಮಾರು 66 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ; ಅದನ್ನು ಹೊತ್ತು ಆಸ್ಪತ್ರೆಯನ್ನು ತಲಪಿದ ಪಾತ್ರೆಯಿಂದ ದಿನದಿನವೂ ಹಾಲು ಕರೆದಂತೆ ಔಷಧವನ್ನು ಕರೆದುಕೊಳ್ಳಬೇಕು, ತಡಮಾಡಿದರೆ ಕೆಚ್ಚಲೇ ಬತ್ತುವುದು. ಥೈರಾಯಿಡ್ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಅಯೋಡಿನ್-131ಕ್ಕೆ 8 ದಿನ. ಈಚಿನ ವರ್ಷಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಗೆ ಬಂದ ಲುಟೀಷಿಯಂ-177ಕ್ಕೆ ಏಳು ದಿನಕ್ಕೂ ಕಡಿಮೆ. ಈ ಅಲ್ಪಾಯುಷ್ಯವನ್ನು ಕೊರತೆಯೆನ್ನಲಾಗದು. ಸುಮಾರು 1600 ವರ್ಷಗಳ ಅರ್ಧಾಯುಷ್ಯವುಳ್ಳ ರೇಡಿಯಂ ದೇಹವನ್ನು ಹೊಕ್ಕರೆ ಎಲುಬಿನಲ್ಲಿ ನೆಲೆನಿಂತು ಬಾಳಿನುದ್ದಕ್ಕೂ ಸುಡುತ್ತದೆ. ಅಲ್ಪಾಯುವಾದ ದ್ರವ್ಯವಾದರೋ ತನ್ನ ಕಾರ್ಯವನ್ನು ಮುಗಿಸಿ ತಾನೇ ಶಮನಗೊಳ್ಳುತ್ತದೆ.

ಹೀಗೆ ಕ್ಷಯಿಸುವ ವಸ್ತುವನ್ನು ಯಾವ ಧನಿಕನೂ, ಯಾವ ರಾಷ್ಟ್ರವೂ ಉಗ್ರಾಣದಲ್ಲಿ ಕೂಡಿಡಲಾರದು. ಮಾಲಿಬ್ಡಿನಂ-99ನ್ನು ತಯಾರಿಸುತ್ತಿದ್ದ ಪರಮಾಣು ಸ್ಥಾವರಗಳಲ್ಲಿ 2009ರಲ್ಲಿ ಕೆನಡಾದ ಚಾಕ್ ರಿವರ್ ಸ್ಥಾವರವೂ, 2010ರಲ್ಲಿ ಹಾಲೆಂಡಿನ ಪೆಟ್ಟನ್ ಸ್ಥಾವರವೂ ದುರಸ್ತಿಗಾಗಿ ನಿಂತಾಗ ಲೋಕದ ಅನೇಕ ಆಸ್ಪತ್ರೆಗಳಲ್ಲಿ ಈ ಔಷಧಕ್ಕೆ ಕೊರತೆಯುಂಟಾಯಿತು. ಪೋಲೆಂಡಿನ ಮಾರಿಯಾ ಸ್ಥಾವರವು ಆ ಕೊರತೆಯನ್ನು ತುಂಬಲು ಮುಂದಾಯಿತು. ಇನ್ನೊಬ್ಬರ ಒಲೆಯಲ್ಲಿ ಬೆಂಕಿ ಇಲ್ಲದಿದ್ದರೆ ತನ್ನ ರೋಗಿಗೂ ಔಷಧವಿಲ್ಲವೆಂಬುದನ್ನು ಅಂದು ರಾಷ್ಟ್ರಗಳು ಕಂಡುಕೊಂಡವು.

ಆದರೆ ಅನಿವಾರ್ಯತೆಯಿಂದ ಹಂಚಿಕೊಂಡದ್ದು ಧರ್ಮವಾಗುವುದೇ? ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣರು ಇದಕ್ಕೆ ದಾಸೋಹವೆಂಬ ಉತ್ತರವನ್ನು ಆಚರಿಸಿ ತೋರಿದರು. ನಾಳೆಗೆಂದು ಸಂಗ್ರಹಿಸದಿರುವುದು ಅದರ ಅರ್ಧಭಾಗವಷ್ಟೆ. ಕಾಯಕದಿಂದ ಬಂದುದು ಸಲ್ಲಬೇಕಾದವರ ಕೈಯನ್ನು ಮುಟ್ಟುವುದು ಅದರ ಪೂರ್ಣತೆ. ಕೂಡಿಡದಿರುವಂತೆ ಪ್ರಕೃತಿಯೇ ವಿಧಿಸೀತು, ಮುಟ್ಟಿಸುವುದು ಮಾತ್ರ ಮನುಷ್ಯನ ಸಂಕಲ್ಪಕ್ಕೆ ಸೇರಿದುದು.

ಈ ತೂಕದಲ್ಲಿ ನೋಡಿದರೆ ಪರಮಾಣು ವೈದ್ಯದ ಪರೀಕ್ಷೆಯು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ಮುಗಿಯುವುದಿಲ್ಲ. ಭಾಲ್ಕಿ ತಾಲ್ಲೂಕಿನ ಮೆಹಕರದಂತಹ ಗಡಿಯ ಊರುಗಳಲ್ಲಿ ನಡೆಯುತ್ತದೆ. ಮುಂಬಯಿಯಲ್ಲಿ 1963ರಲ್ಲಿಯೇ ವಿಕಿರಣ ವೈದ್ಯಕೇಂದ್ರವು ಸ್ಥಾಪಿತವಾಯಿತು; ತ್ರಾಂಬೆಯ ಸ್ಥಾವರಗಳಲ್ಲಿ ಸಿದ್ಧವಾದ ಔಷಧಗಳು ದೇಶದ ನಾನಾ ಆಸ್ಪತ್ರೆಗಳಿಗೆ ಹೋಗುತ್ತಿವೆ. ಆದರೆ ಗಂಟೆಗಂಟೆಗೂ ಕರಗುವ ದ್ರವ್ಯವು ದೂರದ ದಾರಿಯನ್ನು ಸಹಿಸದು. ಆದುದರಿಂದ ಹೊಲದ ಕೆಲಸವನ್ನೂ ದಿನಗೂಲಿಯನ್ನೂ ಬಿಟ್ಟು ಮಹಾನಗರದ ಹಾದಿ ಹಿಡಿಯುವ ಹೊರೆಯು ರೋಗಿಯ ಮೇಲೆಯೇ ಬೀಳುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2022ರಲ್ಲಿ ಬಡದೇಶಗಳ ಕ್ಯಾನ್ಸರ್ ಚಿಕಿತ್ಸೆಗಾಗಿ ಆರಂಭಿಸಿದ ಯೋಜನೆಯು ಇದೇ ದೂರವನ್ನು ತಗ್ಗಿಸುವ ಯತ್ನ.

ಆಳುವವರೂ ವೈದ್ಯರೂ ದಾನಿಗಳೂ ಈ ಚಿಕಿತ್ಸೆಯನ್ನು ಜಿಲ್ಲಾಕೇಂದ್ರಗಳವರೆಗೆ ತರಲು ಕೈಜೋಡಿಸಲಿ. ರಾಷ್ಟ್ರಗಳ ನಡುವಣ ಸಹಕಾರವು ಎಷ್ಟೇ ಘನವಾಗಿರಲಿ, ಕಟ್ಟಕಡೆಯ ಹಳ್ಳಿಯ ರೋಗಿಗೆ ಸಕಾಲದಲ್ಲಿ ಔಷಧವು ದೊರೆಯದಿದ್ದರೆ ಅದು ವ್ಯವಹಾರವೆನಿಸೀತೇ ಹೊರತು ದಾಸೋಹವೆನಿಸದು.