ಬೀಳಿಸುವ ಮುಂಚೆ ಬರೆದಿಟ್ಟ ಚಿತ್ರ

ಮಗಳು ಕೊಡಿಸಿದ ಪ್ರವಾಸ ಇದು. ಅವಳು ಮ್ಯೂನಿಕ್‌ನಲ್ಲಿ ಕೆಲಸಕ್ಕಿದ್ದಾಳೆ. "ಅಪ್ಪಾ, ಬಸ್ಸಲ್ಲಿ ಕೂತು ದಿನಕ್ಕೆ ಮೂರು ಊರು ನೋಡೋ ವಯಸ್ಸಲ್ಲ ನಿಮ್ದು" ಅಂತ ಡ್ಯಾನ್ಯೂಬ್ ನದಿಯ ಹಡಗಿನಲ್ಲಿ ನನಗೂ ನನ್ನ ಹೆಂಡತಿಗೂ ಟಿಕೆಟ್ ಮಾಡಿಸಿಬಿಟ್ಟಳು. ಹಡಗು ರಾತ್ರಿ ಸಾಗುತ್ತೆ, ಬೆಳಗ್ಗೆ ಎದ್ದರೆ ಕಿಟಕಿಯಾಚೆ ಹೊಸ ಊರು. ಮೂರನೇ ದಿನ ರೇಗನ್ಸ್‌ಬರ್ಗ್. ಸಂಜೆ ಐದಕ್ಕೆ ಎಲ್ಲರೂ ವಾಪಸ್ ಬಂದಿರಬೇಕು ಅಂದರು. ರೋಮನ್ನರು ಕ್ರಿ.ಶ. 179ರಲ್ಲೇ ಕೋಟೆ ಕಟ್ಟಿದ ಊರಿಗೆ ನಾವು ಕೊಟ್ಟಿದ್ದು ಏಳು ಗಂಟೆ.

ಗೈಡ್ ಐವತ್ತು ದಾಟಿದ ಹೆಂಗಸು. ಮೊದಲು ಕಲ್ಲಿನ ಸೇತುವೆ. 1135ರಲ್ಲಿ ಶುರುಮಾಡಿ 1146ಕ್ಕೆ ಮುಗಿಸಿದ್ದಂತೆ, ಇವತ್ತಿಗೂ ಜನ ಅದರ ಮೇಲೆ ಸೈಕಲ್ ತಳ್ಳಿಕೊಂಡು ಹೋಗ್ತಾರೆ. ಪಕ್ಕದಲ್ಲೇ ಸಾಸೇಜ್ ಸುಡುವ ಹಳೇ ಅಡುಗೆಮನೆ. ಸಸ್ಯಾಹಾರಿಗಳಾದ ನಾವು ಹೊಗೆ ಕುಡಿದು ಮುಂದೆ ನಡೆದ್ವಿ. ಆಮೇಲೆ ಅವಳಿ ಗೋಪುರದ ದೊಡ್ಡ ಚರ್ಚು. ಎರಡನೇ ಮಹಾಯುದ್ಧದ ಬಾಂಬು ಹಳೇ ಊರನ್ನ ಹೆಚ್ಚು ಮುಟ್ಟಲಿಲ್ಲ, ಅದಕ್ಕೇ ಇಷ್ಟು ಉಳಿದಿದೆ ಅಂತ ಗೈಡ್ ಹೇಳಿದರು. ನಾನು ಎಲ್ಲದರ ಫೋಟೋ ತೆಗೀತಾ ಇದ್ದೆ. ಅದು ನನ್ನ ಚಟ.

ಹನ್ನೊಂದೂವರೆಗೆ ನಾಯ್‌ಫಾರ್‌ಪ್ಲಾಟ್ಸ್ ಅನ್ನೋ ಚೌಕಕ್ಕೆ ಬಂದ್ವಿ. ನಡುವೆ ಒಂದು ಚರ್ಚು, ಸುತ್ತ ಅಂಗಡಿಗಳು. ಒಂದು ಕಡೆ ನೆಲದಲ್ಲಿ ಬಿಳಿ ಕಾಂಕ್ರೀಟಿನ ತಗ್ಗು ಆಕಾರ: ಮೋಟು ಗೋಡೆ, ಮೋಟು ಕಂಬ, ಕೂರೋಕೆ ಹೇಳಿಮಾಡಿಸಿದಂತೆ. ನಾಲ್ಕೈದು ಹುಡುಗರು ಐಸ್‌ಕ್ರೀಂ ತಿಂತಾ ಕೂತಿದ್ದರು. ಕಾಲು ನೋವು ಅಂತ ನನ್ನ ಹೆಂಡತಿಯೂ ಹೋಗಿ ಕೂತಳು. ಆಗ ಗೈಡ್ ಹೇಳಿದ್ದು: ನೀವು ಕೂತಿರೋದು ಒಂದು ಸಿನಗಾಗಿನ ನೆಲನಕ್ಷೆಯ ಮೇಲೆ. ಇವಳು ದಡಕ್ಕನೆ ಎದ್ದಳು. "ಇಲ್ಲ ಇಲ್ಲ, ಕೂತ್ಕೊಳ್ಳಿ, ಕೂರಲಿ ಅಂತಾನೇ ಮಾಡಿರೋದು" ಅಂದರು ಗೈಡ್. ಇಸ್ರೇಲಿನ ಶಿಲ್ಪಿ ದಾನಿ ಕರವಾನ್ 2005ರಲ್ಲಿ ಮಾಡಿಕೊಟ್ಟದ್ದು, ಜನ ಬಂದು ಸೇರುವ ಜಾಗವಾಗಲಿ ಅಂತ. ತೊಂಬತ್ತರ ದಶಕದಲ್ಲಿ ಅಗೆದಾಗ ಹಳೇ ಸಿನಗಾಗಿನ ಬುನಾದಿ ಸಿಕ್ಕಿತ್ತು.

ಕಥೆ 1519ರದ್ದು. ರೇಗನ್ಸ್‌ಬರ್ಗಿನ ಯಹೂದಿಗಳಿಗೆ ಚಕ್ರವರ್ತಿಯ ರಕ್ಷಣೆ ಇತ್ತು. ಆ ವರ್ಷದ ಜನವರಿಯಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ತೀರಿಕೊಂಡ. ಹೊಸಬ ಇನ್ನೂ ಬಂದಿಲ್ಲ, ಕೇಳೋರಿಲ್ಲ. ಫೆಬ್ರವರಿಯಲ್ಲಿ ನಗರದ ಮಂಡಳಿ ಸೇರಿ ಯಹೂದಿಗಳು ಊರು ಬಿಡಬೇಕು ಅಂತ ತೀರ್ಮಾನ ಮಾಡ್ತು. ಕೊಟ್ಟದ್ದು ಕೆಲವೇ ದಿನದ ಗಡುವು, ಅದೂ ಚಳಿಗಾಲದಲ್ಲಿ. ಅವರ ಕೇರಿ, ಸಿನಗಾಗ್ ಎಲ್ಲ ಕೆಡವಿದರು. ಸ್ಮಶಾನದ ಕಲ್ಲುಗಳನ್ನ ಕಿತ್ತು ತಂತಮ್ಮ ಮನೆ ಗೋಡೆಗೆ ಸೇರಿಸಿಕೊಂಡರು. ಸಿನಗಾಗ್ ಇದ್ದ ಜಾಗದಲ್ಲಿ ಮೇರಿಮಾತೆಗೆ ಮರದ ಗುಡಿ ಎದ್ದು, ಅಲ್ಲಿಗೆ ಯಾತ್ರಿಕರ ಜಾತ್ರೆ ಶುರುವಾಯ್ತು.

ಇಷ್ಟಾಗಿದ್ದರೆ ನಾನು ಇದನ್ನ ಬರೀತಿರಲಿಲ್ಲ. ಯುರೋಪಿನಲ್ಲಿ ಇಂಥ ಕಥೆ ಇರುವ ಊರು ಒಂದೆರಡಲ್ಲ. ಆದರೆ ಗೈಡ್ ತಮ್ಮ ಫೈಲಿನಿಂದ ಎರಡು ಚಿತ್ರದ ಪ್ರತಿ ತೆಗೆದು ತೋರಿಸಿದರು. ಲೋಹದ ತಗಡಿನ ಮೇಲೆ ಗೀರಿ ಕಾಗದಕ್ಕೆ ಅಚ್ಚು ಹಾಕಿದ ಚಿತ್ರಗಳು. ಒಂದರಲ್ಲಿ ಸಿನಗಾಗಿನ ಮುಂಭಾಗದ ಮೊಗಸಾಲೆ, ಅಲ್ಲಿ ಇಬ್ಬರು, ಒಬ್ಬನ ಕೈಯಲ್ಲಿ ಪುಸ್ತಕ. ಇನ್ನೊಂದರಲ್ಲಿ ಒಳಾಂಗಣ. ಕಂಬ, ಕಮಾನು, ಕಿಟಕಿಯಿಂದ ಬರೋ ಬೆಳಕು, ಎಲ್ಲ ಇದೆ. ಯಾರೂ ಇಲ್ಲ.

ಬರೆದವನು ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರ್. ಜರ್ಮನಿಯ ದೊಡ್ಡ ಚಿತ್ರಕಾರರಲ್ಲಿ ಒಬ್ಬ. ಮನುಷ್ಯರೇ ಇಲ್ಲದೆ ಬರೀ ಮರ, ಬೆಟ್ಟ, ಆಕಾಶವನ್ನ ಚಿತ್ರವಾಗಿಸಿದ ಮೊದಲಿಗರಲ್ಲಿ ಅವನ ಹೆಸರು ಹೇಳ್ತಾರೆ. ಅವನು ಆಗ ಅದೇ ನಗರಮಂಡಳಿಯ ಸದಸ್ಯನೂ ಹೌದು. ಸಿನಗಾಗ್ ಖಾಲಿ ಮಾಡಿ ಅಂತ ಯಹೂದಿಗಳಿಗೆ ಸುದ್ದಿ ಮುಟ್ಟಿಸಲು ಹೋದವರಲ್ಲಿ ಅವನೂ ಇದ್ದ. ಕೆಡವುವ ಮುಂಚೆ ಆ ಕಟ್ಟಡವನ್ನ ಅಷ್ಟು ಕಾಳಜಿಯಿಂದ ನೋಡಿ ಬರೆದುಕೊಂಡ. ಇದು ದೇವರ ನ್ಯಾಯವಾದ ತೀರ್ಪಿನಿಂದ ನೆಲಸಮವಾಯ್ತು ಅನ್ನೋ ಅರ್ಥದ ಮಾತನ್ನ ಚಿತ್ರದಲ್ಲೇ ಲ್ಯಾಟಿನ್‌ನಲ್ಲಿ ಕೆತ್ತಿದ. ಆಮೇಲೆ ಮೇರಿಮಾತೆಯ ಯಾತ್ರಿಕರಿಗೂ ಚಿತ್ರ ಮಾಡಿಕೊಟ್ಟ.

ನಾನು ಚಿಕ್ಕಂದಿನಿಂದ ನಂಬಿಕೊಂಡು ಬಂದ ಒಂದು ಮಾತಿದೆ. ಯಾವುದನ್ನೇ ಆಗಲಿ ಚೆನ್ನಾಗಿ ನೋಡಿದರೆ ಅದರ ಮೇಲೆ ಪ್ರೀತಿ ಬರುತ್ತೆ, ಪ್ರೀತಿ ಬಂದದ್ದನ್ನ ಯಾರೂ ಹಾಳು ಮಾಡಲ್ಲ. ಪ್ರವಾಸ ಮಾಡಿದರೆ ಮನುಷ್ಯ ವಿಶಾಲವಾಗ್ತಾನೆ ಅನ್ನೋದರ ಹಿಂದೆ ಇರೋದೂ ಇದೇ ನಂಬಿಕೆ ತಾನೆ? ಈ ಮನುಷ್ಯ ಕಂಬದ ಬುಡದ ನೆರಳನ್ನೂ ಬಿಡದೆ ನೋಡಿದ. ಆ ನೋಟ ಅವನ ಕೈಯನ್ನ ತಡೀಲಿಲ್ಲ.

ಹಡಗಿನ ಗುಂಪಿನಲ್ಲಿದ್ದ ಒಬ್ಬರು ಅವನ ಪರವಾಗಿ ವಾದ ಮಾಡಿದರು. ಅವನೊಬ್ಬ ಬೇಡ ಅಂದಿದ್ದರೂ ಕಟ್ಟಡ ಬೀಳ್ತಾನೇ ಇತ್ತು. ಹೇಗೂ ಬೀಳೋದು, ಚಿತ್ರವಾದರೂ ಉಳೀತಲ್ಲ, ಅದು ಹೇಗಿತ್ತು ಅಂತ ನಮಗೆ ಗೊತ್ತಾಗಿದ್ದೇ ಅವನಿಂದ. ವಾದ ತೆಗೆದುಹಾಕುವಂಥದ್ದಲ್ಲ. ಆದರೆ ಅದರಲ್ಲಿ ಒಂದು ಮೋಸ ಇದೆ ಅನ್ನಿಸ್ತು. ಆ ಮಂಡಳಿಯಲ್ಲಿ ಕೂತ ಪ್ರತಿಯೊಬ್ಬನೂ ಇದನ್ನೇ ಹೇಳಬಹುದಲ್ಲ? ಎಲ್ಲರೂ "ನಾನೊಬ್ಬ ಬೇಡ ಅಂದರೆ ಏನಾಗುತ್ತೆ" ಅಂದರೆ, ಕೆಡವಿದವರು ಯಾರು? ಇನ್ನು ಐನೂರು ವರ್ಷದ ಮೇಲೆ ನಮಗೆ ಉಪಯೋಗವಾಯ್ತು ಅನ್ನೋದು ನಮ್ಮ ಅದೃಷ್ಟ. ಅದನ್ನ ಅವನ ಲೆಕ್ಕಕ್ಕೆ ಜಮಾ ಮಾಡೋಕೆ ನಾವ್ಯಾರು?

ಇಷ್ಟು ಜೋರಾಗಿ ಮಾತಾಡ್ತಿದ್ದವನು ನಡುವೆ ಸುಮ್ಮನಾದೆ. ಯಾಕೆ ಅಂತ ನನ್ನ ಹೆಂಡತಿಗೆ ಗೊತ್ತಾಯ್ತು.

ನಂಜನಗೂಡಿನ ಹತ್ತಿರ ನಮ್ಮದೊಂದು ತೊಟ್ಟಿಮನೆ ಇತ್ತು. ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಸೇರಿ ಮಾರಿದ್ವಿ. ಕೊಂಡವರು ಕೆಡವಿ ಕಲ್ಯಾಣಮಂಟಪ ಕಟ್ಟೋದು ಅಂತ ಮೊದಲೇ ಗೊತ್ತಿತ್ತು. ರಿಜಿಸ್ಟ್ರೇಷನ್ನಿನ ಹಿಂದಿನ ವಾರ ನಾನು ಕ್ಯಾಮೆರಾ ಹಿಡಿದು ಹೋಗಿ ಎರಡು ದಿನ ಫೋಟೋ ತೆಗೆದೆ. ಕಂಬದ ಕೆತ್ತನೆ, ತೊಟ್ಟಿಗೆ ಬೀಳೋ ಬಿಸಿಲು, ಒರಳುಕಲ್ಲು, ದೇವರಗೂಡು. ನೋಡಿದವರೆಲ್ಲ "ಎಷ್ಟು ಪ್ರೀತಿ ರೀ ನಿಮಗೆ ಆ ಮನೆ ಮೇಲೆ" ಅಂತಾರೆ. ಹಿತ್ತಲ ಕೋಣೆಯಲ್ಲಿ ಒಬ್ಬ ಅಜ್ಜಿ ಇದ್ದರು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅಲ್ಲೇ ಇದ್ದು, ಹಪ್ಪಳ ಸಂಡಿಗೆ ಮಾಡಿ ಮಾರ್ತಿದ್ದರು. ಬಾಡಿಗೆ ಅಂತ ಅಪ್ಪ ಏನೂ ತಗೋತಿರಲಿಲ್ಲ, ಅಥವಾ ಎಷ್ಟೋ ತಗೋತಿದ್ದರು, ನನಗೆ ತಿಳೀದು. ಒಂದು ತಿಂಗಳಲ್ಲಿ ಖಾಲಿ ಮಾಡಿ ಅಂತ ಅವರಿಗೆ ಹೇಳಿದ್ದು ನಾನು. ಅಣ್ಣಂದಿರು ಆ ಕೆಲಸ ನನಗೆ ಬಿಟ್ಟಿದ್ದರು, ನಾನು ಮೃದುವಾಗಿ ಮಾತಾಡ್ತೀನಿ ಅಂತ. "ಆಗಲಪ್ಪ" ಅಂದರು. ಫೋಟೋ ತೆಗೆಯೋಕೆ ಹೋದಾಗ ಕೋಣೆ ಖಾಲಿ. ಅದರದ್ದೂ ಒಂದು ಫೋಟೋ ಇದೆ, ಗೋಡೆಯಲ್ಲಿ ಹಪ್ಪಳದ ಮಣೆ ಒರಗಿಸಿಟ್ಟು ಇಟ್ಟು ಕಲೆಯಾದ ಜಾಗ. ಒಳ್ಳೇ ಬೆಳಕು ಬಿದ್ದಿದೆ. ಅಜ್ಜಿಯದ್ದು ಒಂದೂ ಇಲ್ಲ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ತಿಲ್ಲ. ಒಂದು ಜನಾಂಗವನ್ನ ದ್ವೇಷದಿಂದ ಊರಿನಾಚೆ ಹಾಕೋದು ಬೇರೆ, ಮನೆ ಮಾರೋದು ಬೇರೆ. ಹಾಗೆ ಹೋಲಿಸಿದರೆ ಅದು ರೇಗನ್ಸ್‌ಬರ್ಗಿನವರಿಗೆ ಮಾಡೋ ಅವಮಾನ. ಅಲ್ಲಿನ ಯಹೂದಿಗಳು ಮತ್ತೆ ಬಂದು ಕಟ್ಟಿದ ಸಿನಗಾಗನ್ನ 1938ರಲ್ಲಿ ಸುಟ್ಟರು. ಈಗಿನದು ತೆರೆದದ್ದು 2019ರಲ್ಲಿ, ಅಂದರೆ ಮೊದಲನೆಯದು ಬಿದ್ದು ಸರಿಯಾಗಿ ಐನೂರು ವರ್ಷಕ್ಕೆ. ನಾನು ಕೇಳ್ತಿರೋದು ಸಣ್ಣ ಪ್ರಶ್ನೆ. ಆ ಎರಡು ದಿನ ನಾನು ಫೋಟೋ ತೆಗೆದದ್ದು ಮನೆಗೋಸ್ಕರವಾ, ನನಗೋಸ್ಕರವಾ? ತೆಗೆದ ಮೇಲೆ ಸಹಿ ಹಾಕೋದು ಸುಲಭವಾಯ್ತು. ಅದು ಚೆನ್ನಾಗಿ ನೆನಪಿದೆ.

ಊಟದ ಹೊತ್ತು. ನನ್ನ ಹೆಂಡತಿ ಮತ್ತೆ ಅದೇ ಬಿಳೀ ಕಟ್ಟೆ ಮೇಲೆ ಕೂತು ಪ್ರೆಟ್ಜೆಲ್ ಮುರಿದು ನನಗೆ ಅರ್ಧ ಕೊಟ್ಟಳು. ಕೂರೋದು ತಪ್ಪಲ್ವಾ ಅಂದೆ. "ಖಾಲಿ ಬಿಟ್ಟು ದೂರದಿಂದ ಫೋಟೋ ತೆಗೆಯೋದಕ್ಕಿಂತ ಇದು ವಾಸಿ" ಅಂದಳು. ಐಸ್‌ಕ್ರೀಂ ಹುಡುಗರು ಸರಿದು ಜಾಗ ಕೊಟ್ಟರು. ಆಮೇಲೆ ಕೇಳಿದಳು, "ಆ ಅಜ್ಜಿ ಹೆಸರೇನ್ರೀ?"

ಹಪ್ಪಳದಜ್ಜಿ ಅನ್ನೋದು ಬಿಟ್ಟರೆ ನನಗೆ ಗೊತ್ತಿರಲಿಲ್ಲ. ಸಂಜೆ ಹಡಗಿನಿಂದ ಅಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ ಹತ್ತು ಗಂಟೆ. "ಇದ್ಯಾಕೋ ಈಗ, ಜರ್ಮನಿಯಿಂದ?" ಅಂದ. ಗುಂಡ್ಲುಪೇಟೆಯಲ್ಲಿ ಅವರ ತಂಗಿ ಮಗಳೊಬ್ಬಳು ಇರಬೇಕು, ವಿಚಾರಿಸ್ತೀನಿ ಅಂದ.