ಇರೋಕೆ ಬಂದಿದ್ದೀರೋ, ಹೋಗೋಕೆ ಬಂದಿದ್ದೀರೋ?

ಸತ್ಯವೇದ ತೆಗೀರಿ, ಯೆರೆಮೀಯ 29ನೇ ಅಧ್ಯಾಯ, 4ರಿಂದ 7ನೇ ವಚನ. ಮೊಬೈಲಲ್ಲಿ ಓದೋರು ವಾಟ್ಸಾಪ್ ಕಡೆ ಹೋಗಬೇಡಿ.

ಪ್ರಿಯರೇ, ನಿಮಗೆ ಗೊತ್ತು, ಕಳೆದ ವರ್ಷ ನಾವು ಶ್ರೀನಗರದ ಬಾಡಿಗೆ ಮನೆ ಬಿಟ್ಟು ಬಿಡದಿಗೆ ಹೋದೆವು. ನಿಮ್ಮಲ್ಲೂ ಕೆಲವರು ಕನಕಪುರ ರಸ್ತೆ, ಆನೇಕಲ್ ಕಡೆ ಸೈಟು ನೋಡ್ತಾ ಇದ್ದೀರಿ. ಅದಕ್ಕೇ ಈ ಸಂದೇಶ.

ಬಿಡದಿ ಅಂದ್ರೆ ನಮಗೆ ತಟ್ಟೆ ಇಡ್ಲಿ, ಅಷ್ಟೇ. ಮೈಸೂರಿಗೆ ಹೋಗುವಾಗ ನಿಲ್ಲಿಸಿ, ತಿಂದು ಹೋಗೋ ಊರು. 1999ರಲ್ಲಿ ಅಲ್ಲಿ ಟೊಯೋಟಾ ಕಾರ್ಖಾನೆ ಶುರುವಾಯ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಈಗ ಎಷ್ಟೋ ಗಾಡಿಗಳು ಊರೊಳಗೆ ಬರದೇ ಬೈಪಾಸ್‌ನಲ್ಲೇ ಹೋಗಿಬಿಡ್ತವೆ. ರಾಗಿ, ಹಿಪ್ಪುನೇರಳೆ ಬೆಳೀತಿದ್ದ ಕಡೆ ಲೇಔಟ್ ಕಲ್ಲುಗಳು ನಿಂತಿವೆ.

ನಾನೂ ಆ ಗಾಡಿಗಳ ಹಾಗೇ ಇದ್ದೆ. ಮಲಗೋಕೆ ಬಿಡದಿ, ಮಿಕ್ಕಿದ್ದೆಲ್ಲ ಶ್ರೀನಗರ. ಹಾಲಿನ ಪ್ಯಾಕೆಟ್ಟೂ ಇಲ್ಲಿಂದಲೇ! ಗೃಹಪ್ರತಿಷ್ಠೆ ಪ್ರಾರ್ಥನೆಗೆ ನೀವೆಲ್ಲ ವ್ಯಾನ್ ಮಾಡ್ಕೊಂಡು ಬಂದ್ರಿ. ಪಕ್ಕದ ಮನೆಗೆ ಮಾತ್ರ ನಾನು ಒಂದು ಮಾತೂ ಹೇಳಲಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೋರ್‌ವೆಲ್ ಮೋಟಾರ್ ಸುಟ್ಟುಹೋಯ್ತು. ಮಗುವಿನ ಮುಖ ತೊಳೆಸೋಕೂ ನೀರಿಲ್ಲ. ನನ್ನ ಹೆಂಡತಿ ಬಕೆಟ್ ಹಿಡ್ಕೊಂಡು ಬಾಗಿಲಲ್ಲಿ ನಿಂತಳು. ಯಾರನ್ನ ಕೇಳೋದು? ಒಬ್ಬರ ಹೆಸರೂ ಗೊತ್ತಿಲ್ಲ. ಆಗ ಹಸು ಕಟ್ಟಿ ಬರ್ತಿದ್ದ ಪಕ್ಕದ ಮನೆ ಅಜ್ಜಿ ತಾವೇ ಕರೆದರು: "ಯಾಕವ್ವ ನಿಂತಿದ್ದೀಯ? ಬಾ, ನಮ್ಮ ತೊಟ್ಟೀಲಿ ತುಂಬ್ಕೋ."

ನಾಲ್ಕು ದಿನ ಅವರ ನೀರು ಕುಡಿದ್ವಿ. ಎರಡನೇ ದಿನ ಅಜ್ಜಿ ನಮ್ಮ ಗೋಡೆ ತೋರಿಸಿ ಹೇಳಿದ್ರು: "ನಿಮ್ಮ ಅಡುಗೆಮನೆ ಐತಲ್ಲ, ಅಲ್ಲೇ ನಮ್ಮ ರಾಗಿ ಕಣ ಇತ್ತು ಮಗ." ಆಮೇಲೆ ಕೇಳಿದ್ರು: "ಇರೋಕೆ ಬಂದಿದ್ದೀರೋ, ರೇಟ್ ಬಂದ್ರೆ ಮಾರ್ಕೊಂಡು ಹೋಗ್ತೀರೋ?"

ನನಗೆ ಉತ್ತರ ಬರಲಿಲ್ಲ. ಯಾಕಂದ್ರೆ "ಎರಡು ವರ್ಷ ನೋಡೋಣ, ಆಮೇಲೆ ಮಾರೋಣ" ಅಂತಲೇ ನಾವು ಮಾತಾಡ್ಕೊಂಡಿದ್ದು.

ಈಗ ವಾಕ್ಯಕ್ಕೆ ಬನ್ನಿ. ಹಿಂದಿನ ಅಧ್ಯಾಯದಲ್ಲಿ ಹನನ್ಯನೂ ಅದನ್ನೇ ಹೇಳಿದ್ದ: ಎರಡೇ ವರ್ಷ, ಎಲ್ಲರೂ ವಾಪಸ್! ಕೇಳೋಕೆ ಸಿಹಿ, ಆದ್ರೆ ಅದು ದೇವರ ಮಾತಲ್ಲ. ಯೆರೆಮೀಯನು ಎಪ್ಪತ್ತು ವರ್ಷ ಅಂತ ಬರೆದ. ಮನೆ ಕಟ್ಟಿ, ತೋಟ ಹಾಕಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅಂದ. ಯಾವ ಊರು? ಬಾಬೆಲ್! ಅವರನ್ನ ಸೆರೆ ಒಯ್ದ ಊರು.

ಒಂದು ವ್ಯತ್ಯಾಸ ಗಮನಿಸಿ. ಅವರು ಎಲ್ಲಾ ಕಳ್ಕೊಂಡು ಹೋದವರು. ನಾವು ಲೋನ್ ತಗೊಂಡು ಇಷ್ಟಪಟ್ಟು ಹೋದವರು. ಇಲ್ಲಿ ಹೊಲ ಹೋಗಿದ್ದು ಅಜ್ಜಿಯದು. ಸೆರೆಯವರಿಗೇ ಊರಿನ ಕ್ಷೇಮ ಹುಡುಕಿ ಅಂದ್ರೆ, ನಮಗೆ ಎಷ್ಟು ಹೆಚ್ಚು! "ಕರ್ತನೇ, ನನ್ನ ಮನೆ ಆಶೀರ್ವದಿಸು" ಅಂತ ಎಂಟು ತಿಂಗಳು ಪ್ರಾರ್ಥಿಸಿದೆ. ಬಿಡದಿಗಾಗಿ ಒಂದು ದಿನವೂ ಮೊಣಕಾಲೂರಲಿಲ್ಲ. ಕರ್ತನು ನನ್ನನ್ನ ಕ್ಷಮಿಸಲಿ.

ಈಗ ಹಾಲು ಅಜ್ಜಿ ಮನೆಯದು. ಅವರು ಕೊಟ್ಟ ಕರಿಬೇವಿನ ಸಸಿ ಕಾಂಪೌಂಡಲ್ಲಿ ಚಿಗುರಿದೆ. ಅವತ್ತು ಕೊಡದ ಉತ್ತರವನ್ನ ಹೋದ ತಿಂಗಳು ಕೊಟ್ಟೆ: "ಇರ್ತೀವಿ ಅಜ್ಜಿ."

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಮೂರು ಮನೆಯವರ ಹೆಸರು ತಿಳ್ಕೊಳ್ಳಿ. ಸುವಾರ್ತೆ ಹೇಳೋ ಮೊದಲು ಹೆಸರು ಕೇಳಿ. ಆ ಹೆಸರು ಹಿಡಿದು ಪ್ರಾರ್ಥಿಸಿ. ಶ್ರೀನಗರದಲ್ಲೇ ಇರೋರಿಗೂ ಇದೇ ಮಾತು.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆಮೆನ್.