ಮುಯ್ಯಿ

ನನ್ನ ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾದ. ಮದುವೆಯಾದ ತಿಂಗಳಿಗೆ ಗಂಡ ಹೆಂಡತಿ ಇಬ್ಬರೂ ಮೂರು ತಿಂಗಳ ರಜೆ ಹಾಕಿ ಪ್ರಪಂಚ ಸುತ್ತಲು ಹೊರಟರು. ಮೊದಲ ವಾರ ಆಸ್ಟ್ರೇಲಿಯಾಕ್ಕೆ: ನಾಲ್ಕು ದಿನ ಸಿಡ್ನಿಯ ನಮ್ಮ ಮನೆಯಲ್ಲಿ, ಮೂರು ದಿನ ಮೆಲ್ಬರ್ನಿನಲ್ಲಿ, ಅಲ್ಲಿಂದ ಅಮೆರಿಕಕ್ಕೆ. ಇಲ್ಲಿ ಹಣಕಾಸಿನ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ನನ್ನಂಥ ಲೆಕ್ಕಿಗನಿಗೆ ಜುಲೈ ಎಂದರೆ ಸುಗ್ಗಿ. ಆದರೂ ಎರಡು ದಿನ ಬಿಡುವು ಮಾಡಿಕೊಂಡು ಅವರಿಗೆ ಊರು ತೋರಿಸಿದೆ. ನಾಲ್ಕನೆಯ ರಾತ್ರಿ ಊಟಕ್ಕೆ ಕೂತಾಗ ಆಡಬಾರದ ಒಂದು ಮಾತು ಆಡಿದೆ. ಈ ಬರಹ ಆ ಮಾತಿನ ಬಗ್ಗೆ.

ಅವರದು ವಿಮಾನ ಕಂಪನಿಗಳ ಕೂಟವೊಂದು ಮಾರುವ ‘ರೌಂಡ್ ದ ವರ್ಲ್ಡ್’ ಟಿಕೆಟ್. ಅದಕ್ಕೆ ನಿಯಮಗಳಿವೆ. ಪೂರ್ವಕ್ಕೆ ಹೊರಟರೆ ಪೂರ್ವಕ್ಕೇ ಸಾಗಬೇಕು, ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಎರಡನ್ನೂ ದಾಟಬೇಕು, ಹೊರಟ ದೇಶಕ್ಕೇ ಬಂದು ಮುಗಿಸಬೇಕು. ತಮ್ಮ ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರೆ ನಾನು ಕೇಳಿದ ಮೊದಲ ಪ್ರಶ್ನೆ, “ಎಷ್ಟಾಯಿತೋ?” ಅವನು ಹೇಳಿದ. ಆ ಮೊತ್ತ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಹೋಗುವ ಫೆರಿ ಹತ್ತಿದೆವು. ಎಲ್ಲರೂ ನೀರು, ಬಿಸಿಲು ನೋಡುತ್ತಿದ್ದರೆ ನಾನು ಖರ್ಚಿನ ವಿವರ ಒಪ್ಪಿಸುತ್ತಿದ್ದೆ. ಹಾರ್ಬರ್ ಸೇತುವೆ ತೆರೆದದ್ದು 1932ರಲ್ಲಿ, ಅದರ ಸಾಲ ತೀರಿದ್ದು 1988ರಲ್ಲಿ. ಮೊದಮೊದಲು ಕಾರಿಗೆ ಆರು ಪೆನ್ಸ್, ಕುದುರೆ ಮತ್ತು ಸವಾರನಿಗೆ ಮೂರು ಪೆನ್ಸ್ ಸುಂಕ. ಅಪೆರಾ ಹೌಸಿಗೆ 70 ಲಕ್ಷ ಡಾಲರ್ ಎಂದು ಅಂದಾಜು ಮಾಡಿದ್ದರು, ಮುಗಿಯುವಾಗ 10 ಕೋಟಿ 20 ಲಕ್ಷವಾಗಿತ್ತು. ಬಹುಪಾಲು ಹಣ ಬಂದದ್ದು ಲಾಟರಿಯಿಂದ. ಅದನ್ನು ಕಲ್ಪಿಸಿದ ಡೆನ್ಮಾರ್ಕಿನ ಯೋರ್ನ್ ಉಟ್ಜೋನ್ 1966ರಲ್ಲಿ ಸರ್ಕಾರದೊಂದಿಗೆ ಮನಸ್ತಾಪವಾಗಿ ದೇಶ ಬಿಟ್ಟರು. 1973ರ ಉದ್ಘಾಟನೆಗೂ ಬರಲಿಲ್ಲ, 2008ರಲ್ಲಿ ತೀರಿಕೊಳ್ಳುವವರೆಗೂ ಬಂದು ನೋಡಲಿಲ್ಲ.

ತಮ್ಮನ ಹೆಂಡತಿ ಕೇಳಿದಳು: “ಭಾವ, ಆ ಲಾಟರಿ ಟಿಕೆಟ್ ಕೊಂಡವರು ಒಳಗೆ ಹೋಗಿ ಹಾಡು ಕೇಳಿದ್ದರಾ?”

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ನಾಲ್ಕನೆಯ ರಾತ್ರಿ ಅವರು ಮುಂದಿನ ಊರುಗಳ ಹೋಟೆಲುಗಳನ್ನು ಫೋನಿನಲ್ಲಿ ತೋರಿಸುತ್ತಿದ್ದರು. ನಾನು ನಗುತ್ತಲೇ ಅಂದೆ: “ನೀವು ಪುಣ್ಯವಂತರು. ನಿನ್ನ ಫೀಸು ಕಟ್ಟಿದ್ದಕ್ಕೆ ನಾವು ಮೂರು ದಿನ ಮಡಿಕೇರಿಗೂ ಹೋಗಲಾಗಲಿಲ್ಲ.” ತಮ್ಮ ಫೋನನ್ನು ಮಗುಚಿ ಇಟ್ಟ. ಅವನ ಹೆಂಡತಿ ತಟ್ಟೆ ನೋಡುತ್ತಾ ಕೂತಳು. ಅನ್ನದ ಪಾತ್ರೆ ಹಿಡಿದು ನಿಂತಿದ್ದ ನನ್ನ ಹೆಂಡತಿ ಅದನ್ನು ಕೆಳಗಿಟ್ಟು ಒಳಗೆ ಹೋದಳು.

ಆಡಿದ್ದು ಸುಳ್ಳಲ್ಲ. 2003ರಲ್ಲಿ ದಾವಣಗೆರೆಯಲ್ಲಿ ನಮ್ಮ ಮದುವೆ. ಛತ್ರದ ಬಾಗಿಲಲ್ಲಿ ಚಿಕ್ಕಪ್ಪ ಉದ್ದನೆಯ ನೋಟ್‌ಬುಕ್ ಹಿಡಿದು ಮುಯ್ಯಿ ಬರೆದುಕೊಂಡಿದ್ದರು. ಮೂವತ್ತೆಂಟು ಸಾವಿರ ಚಿಲ್ಲರೆ. ಮಡಿಕೇರಿಯಲ್ಲಿ ರೂಮು ಗೊತ್ತುಮಾಡಿದ್ದೆ. ಅದೇ ವಾರ ತಮ್ಮನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪ ಇರಲಿಲ್ಲ. ಹಣ ಅಲ್ಲಿಗೆ ಹೋಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವನು ವಾಪಸು ಕೊಡಲು ಬಂದ. “ಅಣ್ಣ ತಮ್ಮಂದಿರಲ್ಲಿ ಎಂಥ ಸಾಲವೋ” ಎಂದು ಬೈದು ಕಳಿಸಿದೆ. ಆಗ ಹಣ ತೆಗೆದುಕೊಂಡಿದ್ದರೆ ಆ ಖಾತೆ ಅಂದೇ ಮುಗಿಯುತ್ತಿತ್ತು. ನಾನು ದೊಡ್ಡವನೆನ್ನಿಸಿಕೊಂಡೆ, ಖಾತೆಯನ್ನು ಮಾತ್ರ ತೆರೆದೇ ಇಟ್ಟೆ.

ನಮ್ಮಲ್ಲಿ ಮುಯ್ಯಿ ಒಂದು ವಿಚಿತ್ರವಾದ ಕೊಡುಗೆ. ಕೊಡುವಾಗ ಉಡುಗೊರೆ, ಬರೆದುಕೊಂಡಾಗ ಸಾಲ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಒಂದಿಷ್ಟು ಸೇರಿಸಿ ಹಿಂತಿರುಗಿಸಬೇಕು. ತಮ್ಮನ ಟಿಕೆಟ್ಟಿನ ಹಾಗೆ, ಅದೂ ಹೊರಟಲ್ಲಿಗೇ ಬಂದು ಮುಗಿಯಬೇಕು. ಇದರಲ್ಲಿ ಕೀಳೇನಿಲ್ಲ, ಬಡವರ ಮನೆಯ ಮದುವೆಗಳು ಹೀಗೇ ನಡೆದಿವೆ. ಆದರೆ ಅದೇ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ. ಮುಯ್ಯಿ ತೀರಿಸಿಕೊಂಡ ಎಂದರೆ ಸೇಡು ತೀರಿಸಿಕೊಂಡ ಎಂದು. ಒಂದೇ ಪುಸ್ತಕದಲ್ಲಿ ಎರಡನ್ನೂ ಬರೆಯಬಹುದೆಂದು ನಮ್ಮ ಹಿರಿಯರಿಗೆ ತಿಳಿದಿತ್ತೆಂದು ಕಾಣುತ್ತದೆ. ಇಪ್ಪತ್ತು ವರ್ಷ ಮೊದಲನೆಯ ಅರ್ಥದಲ್ಲಿ ಇಟ್ಟುಕೊಂಡಿದ್ದನ್ನು ಆ ರಾತ್ರಿ ನಾನು ಎರಡನೆಯ ಅರ್ಥದಲ್ಲಿ ವಸೂಲು ಮಾಡಿದೆ.

ಮಲಗುವ ಮುಂಚೆ ಹೆಂಡತಿ ಕೇಳಿದಳು: “ರೀ, ಆ ಹಣ ಯಾರದು?”

“ನಮ್ಮದು.”

“ಕೊಡುವಾಗ ನನ್ನನ್ನು ಕೇಳಿದಿರಾ?”

ಕೇಳಿರಲಿಲ್ಲ. “ಕೇಳಿದ್ದರೆ ಕೊಡಿ ಅಂತಲೇ ಅನ್ನುತ್ತಿದ್ದೆ. ಅವತ್ತೇ ಮರೆತೂ ಬಿಟ್ಟೆ. ನನ್ನ ಪಾಲನ್ನೂ ಸೇರಿಸಿಕೊಂಡು ನೀವು ಇಷ್ಟು ವರ್ಷ ಹೇಗೆ ಲೆಕ್ಕ ಇಟ್ಟಿರಿ?” ಎಂದಳು. ಆಡಿಟ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಆಕ್ಷೇಪಣೆ ಬರಲಾರದು. ತ್ಯಾಗ ಮಾಡಿದವನು ನಾನು ಎಂದು ಬರೆದುಕೊಂಡಿದ್ದೆ. ಅದರಲ್ಲಿ ಅರ್ಧ ಇನ್ನೊಬ್ಬರನ್ನು ಕೇಳದೆ ಅವರ ಖಾತೆಯಿಂದ ತೆಗೆದದ್ದು.

ಹಾಗಾದರೆ ಕೊಟ್ಟದ್ದನ್ನು ನೆನಪಿಡುವುದೇ ತಪ್ಪೆ? ಪಡೆದವರಿಗೆ ಯಾವ ಹೊಣೆಯೂ ಇಲ್ಲವೆ? ಆ ವಾರವೆಲ್ಲ ಇದೇ ಯೋಚನೆ. ಸಾಲ ಕೊಟ್ಟವನಿಗೇ ಮರಳಬೇಕು, ಮುಯ್ಯಿ ಕೊಟ್ಟವನ ಮನೆಗೆ ಮರಳಬೇಕು. ಇವೆರಡೂ ಅಲ್ಲದ ಮೂರನೆಯದೊಂದಿದೆ. ಸೇತುವೆಗೆ ಮೂರು ಪೆನ್ಸ್ ಕೊಟ್ಟ ಕುದುರೆ ಸವಾರನಿಗೆ ನಾನು ಏನನ್ನೂ ಮರಳಿಸಲಾರೆ. ಲಾಟರಿ ಕೊಂಡು, ಬಹುಮಾನವೂ ಬರದೆ, ಹಾಡನ್ನೂ ಕೇಳದೆ ಹೋದವರಿಗೆ ಯಾರು ಏನು ಕೊಡಬಲ್ಲರು? ಮೆಲ್ಬರ್ನಿನ ಆಚೆ ತಮ್ಮ ಮತ್ತು ಅವನ ಹೆಂಡತಿ ಹೋದ ಗ್ರೇಟ್ ಓಷನ್ ರೋಡನ್ನು 1919ರಿಂದ 1932ರವರೆಗೆ ಕಡಿದವರು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು, ಸತ್ತ ಜೊತೆಗಾರರ ಸ್ಮಾರಕವಾಗಿ. ಹೊಸ ಜೋಡಿಗಳು ಅಲ್ಲಿ ಕಾರು ನಿಲ್ಲಿಸಿ ನಗುವುದು ಆ ಸತ್ತವರಿಗೆ ಅವಮಾನವೆಂದು ನನಗೆ ಅನ್ನಿಸುವುದಿಲ್ಲ. ರಸ್ತೆ ಮಾಡುವುದು ಜನ ಓಡಾಡಲೆಂದೇ. ಯಾರು ಮಾಡಿದರೆಂದು ತಿಳಿದಿರಬೇಕು, ಚೆನ್ನಾಗಿ ನೋಡಬೇಕು. ಪಡೆದವರ ಹೊಣೆ ಅಷ್ಟು. ತಲೆ ತಗ್ಗಿಸಿಕೊಂಡು ಓಡಾಡಬೇಕೆಂದು ಯಾವ ಸುಂಕದಕಟ್ಟೆಯೂ ಕೇಳಿಲ್ಲ.

ತಮ್ಮನ ಫೀಸನ್ನು ನಾನು ಈ ಮೂರನೆಯ ಪುಸ್ತಕದಲ್ಲಿ ಬರೆಯಬೇಕಿತ್ತು. ಮನೆಯಲ್ಲಿ ಇದು ಸೇತುವೆಗಿಂತ ಕಷ್ಟ, ಏಕೆಂದರೆ ಇಲ್ಲಿ ಕೊಟ್ಟವನೂ ದಾಟುವವನೂ ಎದುರುಬದುರು ಕೂತು ಊಟ ಮಾಡುತ್ತಾರೆ.

ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಕ್ಷಮೆ ಕೇಳಲು ಬಾಯಿ ತೆರೆದೆ. ತಮ್ಮ ತಡೆದ. “ನನಗೆ ಮೊದಲಿಂದ ಗೊತ್ತಿತ್ತು ಅಣ್ಣ. ಏನು ಮಾಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ” ಎಂದ. ನನಗೂ ಗೊತ್ತಿರಲಿಲ್ಲ. ಹೋಗಿ ಬನ್ನಿ, ಚೆನ್ನಾಗಿ ಸುತ್ತಾಡಿ ಎಂದೆ. ಈ ಸಲ ಮನಸ್ಸಿನಿಂದಲೇ ಹೇಳಿದೆ.

ಆರನೆಯ ದಿನ ಸಂಜೆ ಅವನ ಫೋನು. ಗಾಳಿಯ ಸದ್ದಿನಲ್ಲಿ ಕೂಗುತ್ತಿದ್ದ: “ಅಣ್ಣ, ಟ್ವೆಲ್ವ್ ಅಪಾಸಲ್ಸ್ ಅಂತಾರೆ, ಎಣಿಸಿದರೆ ಹನ್ನೆರಡಿಲ್ಲ! ನೀನು ಬಂದು ಆಡಿಟ್ ಮಾಡಬೇಕು.” ಅಲ್ಲಿ ಸಮುದ್ರದಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳು ಹನ್ನೆರಡು ಯಾವತ್ತೂ ಇರಲಿಲ್ಲ. ಒಂಬತ್ತಿದ್ದವು, 2005ರಲ್ಲಿ ಒಂದು ಕುಸಿದು ಎಂಟಾದವು. ಅದನ್ನೆಲ್ಲ ಹೇಳಹೊರಟವನು ನಿಲ್ಲಿಸಿ, “ಹೇಗಿದೆಯೋ?” ಎಂದು ಕೇಳಿದೆ. ಅವನು ಬಹಳ ಹೊತ್ತು ಹೇಳಿದ.

ಫೋನು ಇಟ್ಟಮೇಲೆ ಹೆಂಡತಿಯನ್ನು ಕೇಳಿದೆ, ಮಡಿಕೇರಿಗೆ ಈ ಸಲ ಊರಿಗೆ ಹೋದಾಗ ಹೋಗೋಣವೆ ಎಂದು. ಅವಳು ಚಿತ್ರದುರ್ಗದ ಕಡೆಯವಳು. “ಮಡಿಕೇರಿ ನೀವು ಗೊತ್ತುಮಾಡಿದ್ದು,” ಎಂದಳು. “ನನಗೆ ಆಗ ಸಮುದ್ರ ನೋಡಬೇಕಿತ್ತು. ಇಲ್ಲಿಗೆ ಬಂದಮೇಲೆ ನೋಡಿದೆನಲ್ಲ.”